ಕೆಂಪಂಗಿಯವನ ಹೆಸರೇನು?

ಹಳೆಯ ‘ಸ್ಟಾರ್ ಟ್ರೆಕ್’ ಧಾರಾವಾಹಿ ನೋಡಿದವರಿಗೆ ಈ ಲೆಕ್ಕ ಬಾಯಿಪಾಠ. ಎಂಟರ್‌ಪ್ರೈಸ್ ನೌಕೆಯಿಂದ ಐದು ಜನ ಯಾವುದೋ ಗ್ರಹಕ್ಕೆ ಇಳಿಯುತ್ತಾರೆ. ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್, ಡಾಕ್ಟರ್ ಮೆಕಾಯ್, ಜೊತೆಗೆ ಕೆಂಪು ಅಂಗಿ ತೊಟ್ಟ ಇಬ್ಬರು. ಈ ಇಬ್ಬರನ್ನು ನೀವು ಹಿಂದೆಂದೂ ನೋಡಿರುವುದಿಲ್ಲ. ಜಾಹೀರಾತು ಬರುವಷ್ಟರಲ್ಲಿ ಅವರಲ್ಲೊಬ್ಬ ಖಲಾಸ್! ಮೆಕಾಯ್ ಬಗ್ಗಿ ನೋಡಿ ‘ಸತ್ತಿದ್ದಾನೆ’ ಅನ್ನುತ್ತಾನೆ, ಕಥೆ ಮುಂದಕ್ಕೆ ಹೋಗುತ್ತದೆ.

೧೯೬೬ರಿಂದ ೧೯೬೯ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದ ೭೯ ಕಂತುಗಳಲ್ಲಿ ಇದು ಎಷ್ಟು ಸಲ ಆಯಿತೆಂದರೆ, ಇಂಗ್ಲಿಷಿನಲ್ಲಿ ‘ರೆಡ್‌ಶರ್ಟ್’ ಅಂದರೆ ಸಾಯಲಿಕ್ಕೆಂದೇ ಬಂದ ಪಾತ್ರ ಅನ್ನುವ ಅರ್ಥ ಬಂದುಬಿಟ್ಟಿತು. ಕಾರಣ ಸರಳ. ಗ್ರಹ ಅಪಾಯದ್ದು ಅಂತ ತೋರಿಸಬೇಕು, ಆದರೆ ಕರ್ಕ್ ಮುಂದಿನ ವಾರವೂ ಬರಬೇಕು. ಹಳದಿ ಅಂಗಿ ನೌಕೆ ನಡೆಸುವವರಿಗೆ, ನೀಲಿ ವಿಜ್ಞಾನಿ-ವೈದ್ಯರಿಗೆ, ಕೆಂಪು ಎಂಜಿನಿಯರುಗಳಿಗೆ ಮತ್ತು ಕಾವಲಿನವರಿಗೆ. ಅಪಾಯದ ಎದುರು ನಿಲ್ಲುವವರು ಕಾವಲಿನವರೇ ತಾನೆ?

ಎಂಜಿನಿಯರ್ ಸ್ಕಾಟಿಯದೂ ಕೆಂಪಂಗಿಯೇ. ಆದರೆ ಅವನು ಮುಖ್ಯ ಪಾತ್ರ. ೧೯೬೭ರ ‘ದ ಚೇಂಜ್ಲಿಂಗ್’ ಕಂತಿನಲ್ಲಿ ನೋಮ್ಯಾಡ್ ಎಂಬ ಯಂತ್ರ ಅವನನ್ನು ಕೊಂದು, ಆಮೇಲೆ ತಾನೇ ‘ರಿಪೇರಿ’ ಮಾಡಿ ಎಬ್ಬಿಸುತ್ತದೆ. ಅದೇ ಯಂತ್ರ ಕಾವಲಿನವರನ್ನು ಹೆಸರಿಲ್ಲದಂತೆ ಮಾಯ ಮಾಡಿಬಿಡುತ್ತದೆ. ಅವರಿಗೆ ರಿಪೇರಿ ಇಲ್ಲ :)

ನಾನು ಇದನ್ನು ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದಲ್ಲಿ. ನಮ್ಮ ಮನೆಯದು ಕಪ್ಪುಬಿಳುಪು ಟೀವಿ. ಎಲ್ಲರದೂ ಒಂದೇ ಬೂದು ಅಂಗಿ, ಹಾಗಾಗಿ ಯಾರು ಸಾಯುತ್ತಾರೆ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲ. ಒಬ್ಬ ಬಿದ್ದರೆ ಅಯ್ಯೋ ಅನ್ನಿಸುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಬಣ್ಣದಲ್ಲಿ, ಡಿವಿಡಿ ಹಾಕಿ ನೋಡಿದರೆ ಅದೇ ಜಾಗದಲ್ಲಿ ನಗು ಬಂತು. ಕೆಂಪು ಕಂಡ ಕೂಡಲೇ ‘ಇವನ ಕಥೆ ಮುಗೀತು’ ಅಂತ ನಾವೇ ಹೇಳುತ್ತಿದ್ದೆವು. ಅದೇ ಮನುಷ್ಯ, ಅದೇ ಸಾವು. ಹೊಸದಾಗಿ ಕಂಡದ್ದು ಅಂಗಿಯ ಬಣ್ಣ ಅಷ್ಟೆ.

೧೯೬೭ರದೇ ‘ದ ಆಪಲ್’ ಕಂತಿನಲ್ಲಿ ನಾಲ್ವರು ಕೆಂಪಂಗಿಯವರು ಸಾಯುತ್ತಾರೆ. ಹೆಂಡಾರ್ಫ್ ವಿಷದ ಮುಳ್ಳಿನಿಂದ, ಕ್ಯಾಪ್ಲನ್ ಸಿಡಿಲಿನಿಂದ, ಮ್ಯಾಲರಿ ಸಿಡಿಯುವ ಕಲ್ಲು ತುಳಿದು, ಮಾರ್ಪಲ್ ದೊಣ್ಣೆಯೇಟಿನಿಂದ. ತಾನು ಅಕಾಡೆಮಿ ಸೇರುವಾಗ ಮ್ಯಾಲರಿಯ ಅಪ್ಪ ನೆರವಾಗಿದ್ದರೆಂದು ನೆನೆದು ಕರ್ಕ್ ನೊಂದುಕೊಳ್ಳುತ್ತಾನೆ, ನಿಜ. ಆದರೆ ಕಂತು ಮುಗಿಯುವುದು ಸ್ಪಾಕ್ ಸೈತಾನನ ಹಾಗೆ ಕಾಣುತ್ತಾನೆಂಬ ತಮಾಷೆಯೊಂದಿಗೆ. ನಾಲ್ಕು ಹೆಣ ಬಿದ್ದ ದಿನ!

ಬೇರೆ ರೀತಿ ಬರೆಯಲು ಬರುತ್ತಿರಲಿಲ್ಲ ಅಂತಲ್ಲ. ೧೯೬೬ರ ‘ಬ್ಯಾಲೆನ್ಸ್ ಆಫ್ ಟೆರರ್’ ಶುರುವಾಗುವುದೇ ಒಂದು ಮದುವೆಯಿಂದ. ಯುದ್ಧದ ಕರೆ ಬಂದು ಮದುವೆ ಅರ್ಧಕ್ಕೆ ನಿಲ್ಲುತ್ತದೆ. ಕಾದಾಟ ಮುಗಿದಾಗ ನೌಕೆಯಲ್ಲಿ ಸತ್ತವನು ಒಬ್ಬನೇ, ಆ ಮದುವೆ ಗಂಡು ಟಾಮ್ಲಿನ್ಸನ್. ಕರ್ಕ್ ಆ ಹುಡುಗಿಯ ಬಳಿ ಹೋಗಿ ಸಮಾಧಾನ ಮಾಡುತ್ತಾನೆ. ಅಲ್ಲಿ ಯಾರೂ ಜೋಕು ಹೊಡೆಯುವುದಿಲ್ಲ. ಅವನದೂ ಚಿಕ್ಕ ಪಾತ್ರವೇ. ಆದರೆ ಅವನಿಗಾಗಿ ಅಳುವವರೊಬ್ಬರು ಇದ್ದಾರೆ ಅಂತ ನಮಗೆ ಮೊದಲೇ ತೋರಿಸಿದ್ದರು.

ಇದನ್ನೆಲ್ಲ ಗೇಲಿ ಮಾಡಿದ ‘ಗ್ಯಾಲಕ್ಸಿ ಕ್ವೆಸ್ಟ್’ ಸಿನಿಮಾ ೧೯೯೯ರಲ್ಲಿ ಬಂತು. ಅದರಲ್ಲಿ ಗೈ ಅನ್ನುವ ನಟ, ಟೀವಿಯಲ್ಲಿ ಒಂದೇ ಕಂತಿಗೆ ಬಂದು ಸತ್ತವನು, ನಿಜವಾದ ನೌಕೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ತನ್ನ ಪಾತ್ರಕ್ಕೆ ಪೂರ್ತಿ ಹೆಸರೇ ಇರಲಿಲ್ಲ, ಆದ್ದರಿಂದ ಇಲ್ಲೂ ಮೊದಲು ಸಾಯೋದು ತಾನೇ ಅಂತ ಅವನಿಗೆ ಪ್ರಾಣಭಯ. ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾನೆ. ಆದರೆ ಅವನ ಲೆಕ್ಕದಲ್ಲಿ ತಪ್ಪೇನಿಲ್ಲ.

ಹೋದ ತಿಂಗಳು ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ಆಫೀಸಿನಲ್ಲಿ ಮೂವರನ್ನು ಕೆಲಸದಿಂದ ತೆಗೆದರಂತೆ. “ರೆಡ್‌ಶರ್ಟ್‌ಗಳು ಹೋದ್ರು ಮಾರಾಯ, ನಾವೆಲ್ಲ ಸೇಫ್” ಅಂದ. ಅವನೂ ನನ್ನ ಹಾಗೆ ಸ್ಟಾರ್ ಟ್ರೆಕ್ ಹುಚ್ಚನೇ. ಯಾರ್ಯಾರು ಅಂತ ಕೇಳಿದೆ. ಒಬ್ಬರ ಹೆಸರು ಹೇಳಿದ. ಇನ್ನಿಬ್ಬರದು ಅವನಿಗೆ ಗೊತ್ತಿರಲಿಲ್ಲ, ಎರಡು ವರ್ಷ ಅದೇ ಮಹಡಿಯಲ್ಲಿ ಕೂತಿದ್ದರೂ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನೀವೂ ಆ ಹಳೆ ಕಂತುಗಳನ್ನು ನೋಡುವುದಿದ್ದರೆ ಒಂದು ಕೆಲಸ ಮಾಡಿ. ಕೆಂಪಂಗಿಯವನು ಬಂದಾಗ ಅವನನ್ನು ಯಾರಾದರೂ ಹೆಸರು ಹಿಡಿದು ಕರೆಯುತ್ತಾರಾ, ಕಿವಿಗೊಟ್ಟು ಕೇಳಿ. ಎಷ್ಟು ಹೆಸರು ಸಿಕ್ಕವು ಅಂತ ನನಗೂ ಹೇಳಿ.