ಗೋಣಿಯ ಅಡಿಗೆ ಕೈ ಹಾಕಿ ನೋಡಿ

1/5

ಮೊದಲೇ ಹೇಳ್ತೇನೆ, ಇದು "ಟಾಪ್ 5 ಬಜೆಟ್ ಗ್ರಾಫಿಕ್ಸ್ ಕಾರ್ಡ್" ಪೋಸ್ಟ್ ಅಲ್ಲ. ಕಳೆದ ವಾರ ನನ್ನ ಸೆಕೆಂಡ್ ಹ್ಯಾಂಡ್ ಕಾರ್ಡಿನ ಫೋಟೋ ಸ್ಟೋರಿಗೆ ಹಾಕಿದ ಮೇಲೆ ಹನ್ನೊಂದು ಜನ ಮೆಸೇಜ್ ಮಾಡಿದ್ರಿ. ಎಷ್ಟಾಯ್ತು, ಎಲ್ಲಿಂದ, ನಾನೂ ತಗೊಳ್ಳಲಾ ಅಂತ. ಯಾರಿಗೂ ಉತ್ತರ ಕೊಟ್ಟಿಲ್ಲ. ಯಾಕೆಂದ್ರೆ ಈ ಮೊದಲು ಒಬ್ಬನಿಗೆ "ತಗೋ ಮಾರಾಯ" ಅಂತ ಹೇಳಿದ್ದೆ. ಅವನ ದುಡ್ಡು ಪೂರ್ತಿ ಹೋಯ್ತು.

ಅವನು ನನ್ನ ಕ್ಲಾಸಿನವನೇ. ಹೆಸರು ಬೇಡ, ಕಥೆ ಅವನನ್ನು ಕೇಳಿಯೇ ಬರೀತಿದ್ದೇನೆ. ಮನೆ ಸುಳ್ಯದಿಂದ ಆಚೆ, ಸಂಪಾಜೆ ಕಡೆ. ಅಲ್ಲಿಯ ತೋಟಗಳಿಗೆ ಹಳದಿ ಎಲೆ ರೋಗ ಬಂದು ವರ್ಷಗಳೇ ಆಯ್ತು. ಮರ ಉಂಟು, ಫಸಲು ಇಲ್ಲ. ಪಿಯುಸಿ ಮುಗಿದ ರಜೆಯಲ್ಲಿ ಇವನು ಬೇರೆಯವರ ಮನೆಯಲ್ಲಿ ಅಡಿಕೆ ಸುಲಿದು 4,500 ರೂಪಾಯಿ ಕೂಡಿಸಿದ. ಬೆರಳ ತುದಿ ಕಪ್ಪಾಗಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ: ಜಿಟಿಎ 5 ತಡೆ ಇಲ್ಲದೆ ಓಡಬೇಕು.

2/5

ಮೊಬೈಲಲ್ಲಿ ಒಂದು ಜಾಹೀರಾತು ಸಿಕ್ಕಿತು. ಜಿಟಿಎಕ್ಸ್ 1050 ಟಿಐ, 4 ಜಿಬಿ, 4,300 ರೂಪಾಯಿ, ಕೊರಿಯರ್ ಫ್ರೀ. ಫೋಟೋ ನನಗೆ ಕಳಿಸಿದ. ಕ್ಲಾಸಲ್ಲಿ ಪಿಸಿ ವಿಷಯ ಬಂದ್ರೆ ಎಲ್ಲರೂ ನನ್ನ ಹತ್ರ ಕೇಳುದು, ನನಗೂ ಅದರಲ್ಲಿ ಸ್ವಲ್ಪ ಕೊಬ್ಬು ಇತ್ತು. ಫೋಟೋವನ್ನು ಅರ್ಧ ನಿಮಿಷ ನೋಡಿದೆ. ಹಿಂದೆ ವಿಜಿಎ ಪೋರ್ಟ್ ಇತ್ತು. ಅವನ ಹಳೇ ಮಾನಿಟರಿಗೂ ವಿಜಿಎ ಕೇಬಲೇ. "ಸರೀ ಆಯ್ತಲ್ವಾ, ಅಡಾಪ್ಟರಿನ ಖರ್ಚೂ ಉಳೀತು. ತಗೋ ಮಾರಾಯ" ಅಂದೆ.

ದುಡ್ಡು ಯುಪಿಐಯಲ್ಲಿ ಮೊದಲೇ ಹೋಯ್ತು. ಕಾರ್ಡ್ ಬಂತು. ಹಾಕಿದ್ರೆ ಡೆಸ್ಕ್‌ಟಾಪ್ ಬಂತು, ಹೆಸರೂ 1050 ಟಿಐ ಅಂತಲೇ ತೋರಿಸ್ತು. ಎನ್ವಿಡಿಯಾದ ಡ್ರೈವರ್ ಹಾಕಿದ್ದೇ ತಡ, ನೀಲಿ ಸ್ಕ್ರೀನ್. ಮೂರು ದಿನ ವಿಂಡೋಸ್ ಹಾಕಿ ತೆಗೆದು ಸಾಕಾಯ್ತು. ನಾಲ್ಕನೇ ದಿನ ಜಿಪಿಯು-ಝಡ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಹಾಕಿ ನೋಡಿದೆವು. ಕಾರ್ಡಿನ ಹೆಸರಿನ ಮುಂದೆಯೇ "ಫೇಕ್" ಅಂತ ಬರೆದಿತ್ತು.

2011ರ ಕಾಲದ ಚಿಪ್. ಅದರ ಬಯೋಸಲ್ಲಿ ಹೊಸ ಹೆಸರು ಬರೆದು ಮಾರಿದ್ದಾರೆ. ಇಂಥ ಕಾರ್ಡ್ ಎಷ್ಟು ಬಂದಿತ್ತು ಅಂದ್ರೆ, ಅದನ್ನು ಹಿಡಿಯಲಿಕ್ಕೆಂದೇ 2018ರಲ್ಲಿ ಜಿಪಿಯು-ಝಡ್‌ಗೆ ಈ ಪರೀಕ್ಷೆ ಸೇರಿಸಿದ್ರು. ಇನ್ನು ನನಗೆ ಇವತ್ತಿಗೂ ಚುಚ್ಚುವ ವಿಷಯ: ಎನ್ವಿಡಿಯಾ 10 ಸೀರೀಸಿನ ಚಿಪ್ಪಿನಿಂದಲೇ ವಿಜಿಎ ಸಿಗ್ನಲ್ ತೆಗೆದು ಹಾಕಿತ್ತು. ನಾನು ಯಾವ ಪೋರ್ಟ್ ನೋಡಿ "ತಗೋ" ಅಂದೆನೋ, ಅದೇ ಪೋರ್ಟ್ ಇದು ಕಳ್ಳ ಮಾಲು ಅಂತ ಹೇಳ್ತಾ ಇತ್ತು.

ಮಾರಿದವನ ನಂಬರ್ ಸ್ವಿಚ್ ಆಫ್. ಅರ್ಧ ದುಡ್ಡು ನಾನು ಕೊಡ್ತೇನೆ ಅಂದೆ. ಅವನು ಬೇಡ ಅಂದ. ಬೈದಿದ್ರೆ ಒಳ್ಳೇದಿತ್ತು, ಬೈಯ್ಯಲೂ ಇಲ್ಲ. ಮನೆಯಲ್ಲಿ ಮಾತ್ರ ಹೇಳ್ಬೇಡ ಅಂದ.

3/5

ಈ ವರ್ಷ ನನ್ನ ಸರದಿ ಬಂತು. ನಮ್ಮದು ಕಡಬದ ಹತ್ರ. ಕೈಯಲ್ಲಿ ಇದ್ದದ್ದು 7,000. ಪಿಸಿ ಒಂದು ಕಂಪನಿ ಆಫೀಸಿಂದ ಬಂದ ಹಳೇ ಸಣ್ಣ ಡಬ್ಬಿ, 6ನೇ ಜನರೇಷನ್ ಐ5. ಅಪ್ಪನಿಗೆ ನನ್ನ ದೋಸ್ತನ ಕಥೆ ಹೇಳಿದೆ, ಹೆಸರು ಹೇಳ್ಲಿಲ್ಲ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅಡಿಕೆ ವ್ಯಾಪಾರಿ ಗೋಣಿಯ ಮೇಲಿನ ಅಡಿಕೆ ನೋಡಿ ರೇಟ್ ಹೇಳ್ತಾನಾ?"

ಇಲ್ಲ. ಅಡಿಗೆ ಕೈ ಹಾಕ್ತಾನೆ. ನಾಲ್ಕು ತೆಗೆದು ಕತ್ತರಿಸಿ ನೋಡ್ತಾನೆ. ಪಟೋರ ಎಷ್ಟು, ಕರಿಗೋಟು ಎಷ್ಟು ಅಂತ ಲೆಕ್ಕ ಹಾಕಿ ಆಮೇಲೆ ಬಾಯಿ ಬಿಡ್ತಾನೆ. ನಾವು ಮಾಡದೇ ಇದ್ದದ್ದು ಅದನ್ನೇ.

ಈ ಸಲ ರೇಟ್ ನೋಡುವ ಮೊದಲು ನನ್ನ ಡಬ್ಬಿ ಬಿಚ್ಚಿ ನೋಡಿದೆ. ಪವರ್ ಸಪ್ಲೈ ಸಣ್ಣದು, ಅದರಲ್ಲಿ ಕಾರ್ಡಿಗೆ ಬೇಕಾದ 6 ಪಿನ್ ವಯರೇ ಇಲ್ಲ. ಅಂದ್ರೆ ಕಾರ್ಡಿಗೆ ಕರೆಂಟ್ ಮದರ್‌ಬೋರ್ಡಿನ ಸ್ಲಾಟಿಂದಲೇ ಬರ್ಬೇಕು, ಅಲ್ಲಿ ಸಿಗುದು ಹೆಚ್ಚೆಂದ್ರೆ 75 ವ್ಯಾಟ್. ಡಬ್ಬಿ ತೆಳು, ಹಾಗಾಗಿ ಅರ್ಧ ಎತ್ತರದ ಕಾರ್ಡೇ ಆಗ್ಬೇಕು. ಮಾನಿಟರ್ 60 ಹರ್ಟ್ಸ್, ಸೆಕೆಂಡಿಗೆ 60ಕ್ಕಿಂತ ಹೆಚ್ಚು ಫ್ರೇಮ್ ಬಂದ್ರೂ ಅದು ತೋರಿಸುದಿಲ್ಲ.

ಇಷ್ಟು ಬರೆದಿಟ್ಟಾಗ ಪಟ್ಟಿಯ ಮುಕ್ಕಾಲು ಪಾಲು ತಾನಾಗಿ ಹೋಯ್ತು.

4/5

ಎಲ್ಲರೂ ಹೇಳುದು ಆರ್‌ಎಕ್ಸ್ 580, 8 ಜಿಬಿ. ಕಡಿಮೆ ದುಡ್ಡಿಗೆ ಭಾರೀ ಮೆಮೊರಿ, ನಿಜ. ಆದ್ರೆ ಅದು 185 ವ್ಯಾಟ್ ಎಳೀತದೆ, ನನ್ನ ಡಬ್ಬಿಗೆ ಆಗುದಿಲ್ಲ. 2022ರ ಸೆಪ್ಟೆಂಬರಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿ ಮಾರಾಟಕ್ಕೆ ಬಂದವು, ಅದರಲ್ಲಿ ಇದೂ ಉಂಟು. ಮೈನಿಂಗ್ ಮಾಡಿದ್ದು ಎಲ್ಲವೂ ಹಾಳು ಅಂತ ಅಲ್ಲ, ಆದ್ರೆ ಫ್ಯಾನ್ ಸವೆದಿರ್ತದೆ, ಬಯೋಸ್ ಬದಲಾಯಿಸಿರ್ಲಿಕ್ಕೂ ಸಾಕು. ಹೆಸರಿನ ಕೊನೆಗೆ "2048 ಎಸ್‌ಪಿ" ಅಂತ ಇದ್ರೆ ಅದು 580ರ ಹೆಸರಲ್ಲಿ ಬಂದ 570ರ ಶಕ್ತಿಯ ಕಾರ್ಡ್. ನಿಜವಾದ 580ಯಲ್ಲಿ 2304 ಇರ್ತದೆ.

1050 ಟಿಐ ಒರಿಜಿನಲ್ ಸಿಕ್ಕಿದ್ರೂ ಈಗ ನಾನು ಬೇಡ ಅಂತೇನೆ. 2016ರ ಕಾರ್ಡ್, 2025ರ ಅಕ್ಟೋಬರಿಗೆ ಅದರ ಹೊಸ ಗೇಮ್ ಡ್ರೈವರ್ ನಿಂತಿತು. ಇನ್ನು ಬರುದು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ.

ಆರ್‌ಎಕ್ಸ್ 6400 ಬರೀ 53 ವ್ಯಾಟ್. ಆದ್ರೆ ಸ್ಲಾಟಿನ 16 ದಾರಿಯಲ್ಲಿ ಅದು ಬಳಸುದು 4 ಮಾತ್ರ, ನಮ್ಮಂಥ ಹಳೇ ಬೋರ್ಡಲ್ಲಿ ಅಲ್ಲೇ ಸೊರಗ್ತದೆ. ಗೇಮ್‌ಪ್ಲೇ ರೆಕಾರ್ಡ್ ಮಾಡುವ ಎನ್‌ಕೋಡರ್ ಕೂಡಾ ಅದರಲ್ಲಿ ಇಲ್ಲ. ಆರ್‌ಟಿಎಕ್ಸ್ 3050ಯ 6 ಜಿಬಿ ಕಾರ್ಡ್ 70 ವ್ಯಾಟಲ್ಲಿ ಮುಗೀತದೆ, ನನಗೆ ಸರೀ ಹೊಂದ್ತದೆ, ಜೇಬಿಗೆ ಹೊಂದುದಿಲ್ಲ.

ಉಳಿದದ್ದು ಜಿಟಿಎಕ್ಸ್ 1650. 2019ರದ್ದು, 4 ಜಿಬಿ, 75 ವ್ಯಾಟ್, ಅರ್ಧ ಎತ್ತರದ್ದೂ ಸಿಗ್ತದೆ. ಹೊಸ ದೊಡ್ಡ ಗೇಮ್‌ಗಳಿಗೆ 4 ಜಿಬಿ ಸಾಲುದಿಲ್ಲ, ಅದು ಗೊತ್ತಿದ್ದೇ ತಗೊಂಡೆ. ನಾನು ಆಡುದು ಜಿಟಿಎ 5, ಸಿಎಸ್ 2. ನಿಮ್ಮದು ದೊಡ್ಡ ಕ್ಯಾಬಿನೆಟ್, ಒಳ್ಳೆ ಪವರ್ ಸಪ್ಲೈ ಇದ್ರೆ ಕಣ್ಣು ಮುಚ್ಚಿ ನನ್ನದೇ ಕಾಪಿ ಮಾಡ್ಬೇಡಿ. ಸ್ವಲ್ಪ ಕಾದು ಆರ್‌ಎಕ್ಸ್ 6600 ಹುಡುಕಿ. 8 ಜಿಬಿ, 132 ವ್ಯಾಟ್, ಬೇರೆಯೇ ಲೆವೆಲ್.

5/5

ಕಾರ್ಡ್ ಸಿಕ್ಕಿದ್ದು ಮಂಗಳೂರಲ್ಲಿ, ಇಂಜಿನಿಯರಿಂಗ್ ಓದುವ ಒಬ್ಬರ ಹತ್ರ. "ಅಣ್ಣ, ಅಡ್ವಾನ್ಸ್ ಕೊಡುದಿಲ್ಲ, ನಿಮ್ಮ ಪಿಸಿಯಲ್ಲೇ ಓಡಿಸಿ ತೋರಿಸ್ಬೇಕು" ಅಂದೆ. ಅವರು ಒಪ್ಪಿದ್ರು. ಒಪ್ಪದಿದ್ರೆ ಅಲ್ಲಿಗೇ ಬಿಡ್ತಿದ್ದೆ.

ಮತ್ತೆ ದೋಸ್ತನಿಗೆ ಫೋನ್ ಮಾಡಿದೆ. "ನೀನು ಬರ್ಬೇಕು. ನೀನು ಸರಿ ಅಂದ್ರೆ ಮಾತ್ರ ತಗೊಳ್ಳುದು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮರುದಿನ ಬೆಳಿಗ್ಗೆ ಪುತ್ತೂರು ಬಸ್‌ಸ್ಟ್ಯಾಂಡಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದ, ಕೈಯಲ್ಲಿ ಪೆನ್‌ಡ್ರೈವ್. ಅದರಲ್ಲಿ ಜಿಪಿಯು-ಝಡ್, ಫರ್‌ಮಾರ್ಕ್.

ಆ ದಿನ ನಾನು ಕೂತು ನೋಡಿದ್ದು ಮಾತ್ರ. ಎಲ್ಲ ಅವನೇ ಮಾಡಿದ. ಮೊದಲು ಹಿಂದಿನ ಪೋರ್ಟ್ ನೋಡಿದ, ನನ್ನ ಮುಖ ನೋಡಿ ನಗಾಡಿದ. ಸ್ಕ್ರೂ ಮೇಲೆ ತುಕ್ಕು ಉಂಟಾ ನೋಡಿದ. ನಮ್ಮ ಮಳೆಗಾಲದ ಥಂಡಿಗೆ ತುಕ್ಕು ಬೇಗ ಹಿಡೀತದೆ. ಜಿಪಿಯು-ಝಡ್‌ನಲ್ಲಿ ಹೆಸರು, ಮೆಮೊರಿ ಒಂದೊಂದೇ ತಾಳೆ ಮಾಡಿದ. ಫರ್‌ಮಾರ್ಕ್ 15 ನಿಮಿಷ ಬಿಟ್ಟು ಬಿಸಿ ಎಷ್ಟಕ್ಕೆ ನಿಲ್ತದೆ, ಸ್ಕ್ರೀನಲ್ಲಿ ಬಣ್ಣದ ಚುಕ್ಕಿ ಬರ್ತದಾ, ಫ್ಯಾನ್ ಕಿರ್ರ್ ಅಂತದಾ ನೋಡಿದ. ಆಮೇಲೆ ಒಂದು ಗೇಮ್. ಕೊನೆಗೆ ತಲೆ ಆಡಿಸಿದ. 6,500 ಕೊಟ್ಟೆ.

ವಾಪಸ್ ಬರುವಾಗ ಹೇಳಿದ, ಮನೆಯಲ್ಲಿ ಕಳೆದ ತಿಂಗಳೇ ಹೇಳಿದ್ದಾನಂತೆ. ಅವನಪ್ಪ ಬೈಯ್ಯಲಿಲ್ಲ, "ಮೊದಲೇ ಹೇಳ್ಬಹುದಿತ್ತು" ಅಂದ್ರಂತೆ ಅಷ್ಟೆ. ಎರಡು ವರ್ಷ ಅವನು ಹೆದರಿದ್ದು ಪೊಕ್ಕಡೆ. ಅವನು ಮತ್ತೆ ದುಡ್ಡು ಕೂಡಿಸ್ತಾ ಇದ್ದಾನೆ. ಅಲ್ಲಿವರೆಗೆ ಶನಿವಾರ ನಮ್ಮ ಮನೆಯಲ್ಲಿ ಆಟ. ಗುಡುಗು ಶುರುವಾದ್ರೆ ಅಮ್ಮ ಹೇಳುವ ಮೊದಲೇ ಪ್ಲಗ್ ಕೀಳುವವನೂ ಅವನೇ.

ಹನ್ನೊಂದು ಜನಕ್ಕೂ ಉತ್ತರ ಇದು. ದುಡ್ಡು ಕಳಿಸುವ ಮೊದಲು ಕಾರ್ಡಿನ ಹಿಂದಿನ ಫೋಟೋ, ನಿಮ್ಮ ಪವರ್ ಸಪ್ಲೈಯ ಸ್ಟಿಕ್ಕರಿನ ಫೋಟೋ ಎರಡೂ ಕಳಿಸಿ. ಇಬ್ಬರೂ ಕೂತು ನೋಡ್ತೇವೆ. "ತಗೋ" ಅಂತ ಮಾತ್ರ ಅರ್ಧ ನಿಮಿಷದಲ್ಲಿ ಹೇಳುದಿಲ್ಲ.

#ಪುತ್ತೂರು #ಸುಳ್ಯ #ಕಡಬ #ಬಜೆಟ್‌ಪಿಸಿ #ಕನ್ನಡಗೇಮಿಂಗ್