ಬೀಗರಿಗೆ ಎರಡು ರೂಮು

ಕಳೆದ ಡಿಸೆಂಬರ್‌ನಲ್ಲಿ ತಂಗಿಯನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ನಾಲ್ಕು ಮಂದಿ ಬರುವವರಿದ್ದರು. ಗೋಕಾಕ ಫಾಲ್ಸ್‌ನ ನಮ್ಮ ಮನೆ ಎರಡೇ ಖೋಲಿಯದ್ದು. "ಬೆಳಗಾವ್ಯಾಗ ಚಲೋ ಹೋಟೆಲ್ ನೋಡ್ರಿ, ಹುಡುಗಿ ಮರ್ಯಾದಿ ಪ್ರಶ್ನೆ ಐತಿ" ಎಂದು ಅವ್ವ ಹಟ ಹಿಡಿದಳು. ಸುದ್ದಿಗೆ ಇಷ್ಟು ಎಂದು ಎಣಿಸಿ ಕೊಡುವ ದುಡ್ಡಿನಲ್ಲಿ ಬದುಕುವವರು ನಾವು. ಲಾಡ್ಜ್ ಗೊತ್ತು, ದೊಡ್ಡ ಹೋಟೆಲ್ ಎಂದರೆ ಪ್ರೆಸ್‌ಮೀಟಿನ ಊಟ ಅಷ್ಟೇ ಗೊತ್ತು.

ಆ್ಯಪ್‌ನಲ್ಲಿ ಬುಧವಾರ ರಾತ್ರಿಗೆ ಒಂದು ರೂಮು 9,200 ರೂಪಾಯಿ, ತೆರಿಗೆ ಬೇರೆ. ಎರಡು ರೂಮಿಗೆ ತೆರಿಗೆ ಸೇರಿ 21,712. ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು, ಅದು ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವ ವಾರ. "ಬೆಳಗಾವಿಯಲ್ಲಿ ರೂಮು ಸಿಗುತ್ತಿಲ್ಲ" ಎಂದು ವರ್ಷವರ್ಷವೂ ಸುದ್ದಿ ಬರೆದವರೇ ನಾವು! ಶುಕ್ರವಾರ ಮಧ್ಯಾಹ್ನದ ಖಾಲಿ ಕುರ್ಚಿಗಳ ಬಗ್ಗೆಯೂ ಬರೆದಿದ್ದೆವು. ಶಾಸಕರು ಊರಿಗೆ ಹೋದರೆ ಅವರ ರೂಮುಗಳೂ ಖಾಲಿಯಾಗಬೇಕಲ್ಲ? ಬೀಗರಿಗೆ ಫೋನ್ ಮಾಡಿ ಮಾತುಕತೆಯನ್ನು ಭಾನುವಾರಕ್ಕೆ ಇಟ್ಟುಕೊಂಡೆವು.

ಶನಿವಾರ ರಾತ್ರಿಗೆ ಹೋಟೆಲ್‌ಗೇ ನೇರವಾಗಿ ಫೋನ್ ಮಾಡಿದೆವು. ಆ್ಯಪ್‌ನವರಿಗೆ ಕಮಿಷನ್ ಕೊಡುವುದು ತಪ್ಪಿದರೆ ಹೋಟೆಲಿನವರೂ ಸ್ವಲ್ಪ ಸಡಿಲಾಗುತ್ತಾರೆ. ರಿಸೆಪ್ಶನ್ ಹುಡುಗ 7,600ಕ್ಕೆ ಇಳಿದ. ನಾಷ್ಟಾ ಸೇರಿಸಿ ಎಂದೆವು, ಸೇರಿಸಿದ. ಅಲ್ಲಿಂದ ಮುಂದೆ, "ಇನ್ನ ಕಡಿಮಿ ಆಗೂದಿಲ್ರಿ ಸರ."

ಇಲ್ಲೇ ನಮ್ಮ ವರದಿಗಾರಿಕೆ ಒಮ್ಮೆ ಉಪಯೋಗಕ್ಕೆ ಬಂತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18, ಅದೂ ಪೂರ್ತಿ ಬಾಡಿಗೆಯ ಮೇಲೆ. 7,600ರ ರೂಮಿಗೆ ನಾವು ಕೊಡಬೇಕಾದದ್ದು 8,968. ಅದೇ 7,400 ಆದರೆ 7,770. "ತಮ್ಮಾ, ನಿಮಗ ಹೋಗೂದು ಇನ್ನೂರ, ನಮಗ ಉಳಿಯೂದು 1,198. ಮ್ಯಾನೇಜರ್‌ನ್ನ ಕೇಳಿ ಹೇಳಪಾ" ಎಂದೆವು. ಹತ್ತು ನಿಮಿಷಕ್ಕೆ ಅವನೇ ಫೋನ್ ಮಾಡಿ ಒಪ್ಪಿದ. ದುಬಾರಿ ಹೋಟೆಲ್‌ನಲ್ಲಿ ಚೌಕಾಸಿ ಮಾಡಬಾರದೆಂದು ನಮ್ಮ ತಲೆಯಲ್ಲಿ ಯಾರು ತುಂಬಿದರೋ!

"ಸರ ಏನ್ ಮಾಡ್ತೀರಿ?" ಎಂದು ಅವನು ಕೇಳಿದ್ದ. ಪ್ರೆಸ್ ಎಂದಿದ್ದರೆ ಇನ್ನಷ್ಟು ಇಳಿಯುತ್ತಿತ್ತು, ಅದು ನಮಗೆ ಚೆನ್ನಾಗಿ ಗೊತ್ತು. ನಾಳೆ ಅದೇ ಹೋಟೆಲ್ ಮೇಲೆ ಸುದ್ದಿ ಬರೆಯುವ ಪ್ರಸಂಗ ಬಂದರೆ ಕೈ ತಡೆಯುತ್ತದೆ. "ಮನಿ ಕೆಲಸ, ಹಿಂಗ ನಡದೈತಿ" ಎಂದು ತೇಲಿಸಿದೆವು. ನಾಲಿಗೆ ತುದಿಯವರೆಗೆ ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಭಾನುವಾರ ಬೀಗರಿಗೆ ಫಾಲ್ಸ್ ತೋರಿಸಿದೆವು. ಮಳೆಗಾಲದಲ್ಲಿ ಘಟಪ್ರಭೆ 52 ಮೀಟರ್ ಮೇಲಿನಿಂದ ಧುಮುಕುವ ಜಾಗದಲ್ಲಿ ಆಗ ಬಂಡೆಯೇ ಬಂಡೆ. "ನೀರೆಲ್ಲಿ?" ಎಂದರು ಹುಡುಗನ ತಾಯಿ. ತೂಗುಸೇತುವೆ ತೋರಿಸಿ ಮಾತು ಮರೆಸಿದೆವು.

ಹೋಟೆಲ್ ಬಿಲ್ 15,540. ಉಳಿದ 6,172ರಲ್ಲಿ ಅವ್ವ ಅವರಿಗೆ ಇಳಕಲ್ ಸೀರೆ ಉಡಿಸಿ, ಎರಡು ಕಿಲೋ ಕರದಂಟು ಕಟ್ಟಿಸಿದಳು.