ದುಬೈಯಿಂದ ಬಜ್ಪೆಗೆ

ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗನೊಬ್ಬನು ಒಮ್ಮೆ ನಮ್ಮನ್ನು ಕೇಳಿದನು: “ಮಾಷ್ಟ್ರೇ, ಮಾವ ಮಂಗಳೂರಿನಿಂದ ದುಬೈಗೆ ಹೋಗುವಾಗ ಎರಡೂಕಾಲು ಗಂಟೆ, ಬರುವಾಗ ಐದು ಗಂಟೆ. ಬರುವ ದಾರಿ ಉದ್ದವೇ?” ಟಿಕೇಟಿನಲ್ಲಿ ಮುದ್ರಿತವಾದ ವೇಳೆಗಳನ್ನು ಅವನು ಕಳೆದು ನೋಡಿದ್ದನು.

ದಾರಿ ಒಂದೇ; ಆಕಾಶಮಾರ್ಗದಲ್ಲಿ ಸುಮಾರು 2,460 ಕಿಲೋಮೀಟರ್. ಗಡಿಯಾರಗಳು ಮಾತ್ರ ಎರಡು. ದುಬೈಯ ಗಡಿಯಾರವು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಬೇಕು, ಬರುವಾಗ ಕಳೆಯಬೇಕು. ಆಗ ಹೋಗಲು ಮೂರೂಮುಕ್ಕಾಲು, ಬರಲು ಮೂರೂವರೆ. ಉಳಿದ ಕಾಲು ಗಂಟೆ ಗಾಳಿಯ ಪಾಲು: ಚಳಿಗಾಲದಲ್ಲಿ ಬಹು ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯು ಇತ್ತ ಬರುವ ವಿಮಾನವನ್ನು ಬೆನ್ನ ಹಿಂದಿನಿಂದ ನೂಕುತ್ತದೆ. ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ ನಾವು ತುಸು ಬೀಗಿದ್ದೂ ಉಂಟು.

ಕಳೆದ ಜನವರಿಯ ಒಂದು ಸಂಜೆ ಏಳು ಗಂಟೆಗೆ ನೆರೆಮನೆಯ ಹಿರಿಯರು ತೀರಿಕೊಂಡರು. ಒಬ್ಬನೇ ಮಗ ದುಬೈಯಲ್ಲಿ. ನಡುರಾತ್ರಿ ಕಳೆದು ಒಂದು ಗಂಟೆಗೆ ಹೊರಡುವ ವಿಮಾನದಲ್ಲಿ ಅವನಿಗೆ ಸ್ಥಳ ದೊರೆಯಿತು. ಕ್ರಿಯೆಗೆ ಹೊತ್ತು ನಿಶ್ಚಯಿಸಬೇಕಾದವರು ನಮ್ಮನ್ನು ಕೇಳಿದರು. ಆರಕ್ಕೆ ಬಜ್ಪೆ, ಅಲ್ಲಿಂದ ಕುಂಬಳೆಯ ಬಳಿಯ ನಮ್ಮೂರಿಗೆ ಸುಮಾರು 50 ಕಿಲೋಮೀಟರ್, ಏಳೂವರೆಗೆ ಅಂಗಳದಲ್ಲಿರುತ್ತಾನೆ ಎಂದುಬಿಟ್ಟೆವು.

ಕರೆತರಲು ಹೋದವರೂ ನಾವೇ. ತಲಪಾಡಿ ದಾಟಿ, ನೇತ್ರಾವತಿಯ ಸೇತುವೆ ದಾಟಿ, ಕಾವೂರು ಮರವೂರುಗಳ ಮೇಲಾಗಿ ಕೆಂಜಾರಿನ ಗುಡ್ಡವನ್ನೇರುವಾಗ ಇನ್ನೂ ಕತ್ತಲೆ. ಗುಡ್ಡದ ನೆತ್ತಿಯನ್ನು ಸಮಗೊಳಿಸಿ ಮಾಡಿದ ಈ ನಿಲ್ದಾಣ ತೆರೆದುದು 1951ರಲ್ಲಿ. ಆದರೂ 2006ರಲ್ಲಿ ದುಬೈಗೆ ನೇರ ವಿಮಾನ ಬರುವವರೆಗೆ ನಮ್ಮ ಕಡೆಯ ಮಕ್ಕಳು ಹೆಚ್ಚಾಗಿ ಮುಂಬಯಿಯನ್ನು ಬಳಸಿಯೇ ಹೋಗಿಬರುತ್ತಿದ್ದರು. ಆ ಕಾಲದಲ್ಲಿ ಇಂತಹ ಸುದ್ದಿ ತಿಳಿದ ಮಗನು ಬೂದಿಗೂ ಮುಟ್ಟುತ್ತಿರಲಿಲ್ಲ.

ವಿಮಾನವು ಸರಿಯಾಗಿ ಆರಕ್ಕೇ ಇಳಿಯಿತು. ನಮ್ಮ ಲೆಕ್ಕ ತಪ್ಪಿದ್ದು ಅನಂತರ. ಪಾಸ್‌ಪೋರ್ಟಿನ ಸಾಲು, ಸುಂಕದ ಸಾಲು. ಏಳೂಕಾಲಾದರೂ ಅವನು ಬಾಗಿಲಲ್ಲಿ ಕಾಣಲಿಲ್ಲ. ಕೊನೆಗೆ ಒಂದು ಕೈಚೀಲ ಹಿಡಿದು ಬಂದನು. ಕಾರಿನಲ್ಲಿ ಕೇಳಿದ್ದು ಒಂದೇ: “ಅಪ್ಪ ಹೋದದ್ದು ಎಷ್ಟು ಗಂಟೆಗೆ?” ಏಳು ಎಂದೆವು. ಇನ್ನೂ ಅಲ್ಲಿಯ ವೇಳೆಯನ್ನೇ ತೋರಿಸುತ್ತಿದ್ದ ಕೈಗಡಿಯಾರವನ್ನು ನೋಡಿ, “ಅಲ್ಲಿ ಐದೂವರೆ. ನಾನು ಕೆಲಸ ಮುಗಿಸಿ ಬಸ್ಸಿಗೆ ನಿಂತಿದ್ದೆ” ಎಂದನು.

ಪೇಟೆಯ ದಟ್ಟಣೆಯನ್ನು ದಾಟಿ ಅಂಗಳ ಮುಟ್ಟುವಾಗ ಒಂಬತ್ತು ಗಂಟೆ ಕಳೆದಿತ್ತು. ಅವನ ತಾಯಿಯವರು ಏಳೂವರೆಯಿಂದ ಜಗಲಿಯ ಅಂಚಿನಲ್ಲಿ ದಾರಿ ನೋಡುತ್ತ ಕುಳಿತಿದ್ದರಂತೆ. ಏಳೂವರೆ ಎಂದು ಹೇಳಿದವರು ನಾವು.